ಕಬ್ಬಿಣ ಕೊಯ್ಯುವ ಮೊದಲು ಕಾಗದ ಕೇಳಿರಿ: ಊರಲ್ಲಿ ಕಟ್ಟಿಸಿದ ಗಾಡಿ ಮತ್ತು ಅದರ ಪಾಸಿಂಗ್



ಹಂಗಾಮು ಹತ್ತಿರ ಬಂತೆಂದರೆ ನಮ್ಮ ಜತ್ತ ತಾಲೂಕಿನ ವೆಲ್ಡಿಂಗ್ ಅಂಗಡಿಗಳ ಮುಂದೆ ಹಗಲು ರಾತ್ರಿ ಕಿಡಿ ಹಾರುತ್ತವೆ. ಒಬ್ಬರು ಹಳೆಯ ಟ್ರಾಲಿಗೆ ಹೊಸ ತಳ ಹಾಕಿಸುತ್ತಾರೆ. ಇನ್ನೊಬ್ಬರು ಗುಜರಿಯಿಂದ ಎಕ್ಸಲ್ ತಂದು ಹೊಸ ಟ್ರಾಲಿಯನ್ನೇ ಕಟ್ಟಿಸುತ್ತಾರೆ. ಖರ್ಚು ಕಡಿಮೆ, ಬೇಕಾದ ಅಳತೆ, ಕೆಲಸವೂ ಕಣ್ಣೆದುರಿಗೇ. ಆದರೆ ಟ್ರಾಲಿ ತಯಾರಾಗಿ, ಬಣ್ಣ ಒಣಗಿದ ಮೇಲೆ "ಇನ್ನು ಪಾಸಿಂಗ್ ಒಂದು ಮಾಡಿಸಿದರಾಯಿತು" ಎಂದು ಹೊರಡುವವರೇ ಹೆಚ್ಚು. ತೊಡಕು ಹುಟ್ಟುವುದೇ ಅಲ್ಲಿ. ಪಾಸಿಂಗ್ ಎಂಬುದು ಕೊನೆಯ ಕೆಲಸವಲ್ಲ, ಮೊದಲನೆಯ ಕೆಲಸ. ಅದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

ನಮ್ಮ ಜಿಲ್ಲೆಯದೇ ಉದಾಹರಣೆ

ಕಡೇಗಾಂವ ತಾಲೂಕಿನ ದೇವರಾಷ್ಟ್ರೆ ನಿಮಗೆ ಗೊತ್ತು. ಯಶವಂತರಾವ ಚವ್ಹಾಣರು ಹುಟ್ಟಿದ ಊರು. ಅಲ್ಲಿಯ ಕಮ್ಮಾರರೊಬ್ಬರು ಮಗನ ಆಸೆ ತೀರಿಸಲೆಂದು ಹಳೆಯ ಗಾಡಿಗಳ ಬಿಡಿಭಾಗ ಕೂಡಿಸಿ, ಸುಮಾರು 60,000 ರೂಪಾಯಿಯಲ್ಲಿ ನಾಲ್ಕು ಚಕ್ರದ ಗಾಡಿ ಕಟ್ಟಿದರು. ಮೋಟಾರ್ ಸೈಕಲ್ಲಿನಂತೆ ಕಾಲಿನಿಂದ ಒದ್ದರೆ ಸುರುವಾಗುವ ಗಾಡಿ ಅದು. 2021ರ ಡಿಸೆಂಬರಿನಲ್ಲಿ ದೇಶವೆಲ್ಲ ಅದನ್ನು ನೋಡಿ ಮೆಚ್ಚಿತು. ಮಹೀಂದ್ರಾ ಕಂಪನಿಯ ಅಧ್ಯಕ್ಷ ಆನಂದ ಮಹೀಂದ್ರಾ ಅವರೂ ಹೊಗಳಿದರು. ಆದರೆ ಈ ಗಾಡಿ ಯಾವ ನಿಯಮಕ್ಕೂ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ ಎಂಬ ಮಾತನ್ನೂ ಅವರೇ ಆಡಿದರು. 2022ರ ಜನವರಿಯಲ್ಲಿ ಅದರ ಬದಲು ಹೊಸ ಬೊಲೆರೊ ಕೊಟ್ಟು, ಕೈಯಿಂದ ಕಟ್ಟಿದ ಗಾಡಿಯನ್ನು ಪ್ರದರ್ಶನಕ್ಕೆಂದು ತೆಗೆದುಕೊಂಡರು.

ಇಂಥ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ದೇಶ ಮೆಚ್ಚಿದ ಗಾಡಿಯೂ ರಸ್ತೆಗೆ ಪಾಸಾಗಲಿಲ್ಲವೆಂದರೆ, ಬರಿಯ ಕೈಗುಣ ಸಾಲದು ಎಂದಾಯಿತು.

ಏಕೆ ಪಾಸಾಗುವುದಿಲ್ಲ?

"ನನ್ನ ಗಾಡಿ ಗಟ್ಟಿಯಾಗಿದೆ, ಇನ್ಸ್‌ಪೆಕ್ಟರ್ ಸಾಹೇಬರು ಓಡಿಸಿ ನೋಡಲಿ" ಎಂದು ಕೆಲವರು ಹೇಳುತ್ತಾರೆ. ಆದರೆ ಆರ್‌ಟಿಓ ಕಚೇರಿಯ ಮೈದಾನದಲ್ಲಿ ನಡೆಯುವುದು ಎರಡನೆಯ ಪರೀಕ್ಷೆ. ಮೊದಲನೆಯದು ಅದಕ್ಕಿಂತ ಬಹಳ ಹಿಂದೆ ಮುಗಿದಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೆಯ ನಿಯಮದ ಪ್ರಕಾರ, ಗಾಡಿ ತಯಾರಿಸುವವರು ಅದರ ಮೊದಲ ಮಾದರಿಯನ್ನು ಸರ್ಕಾರ ಒಪ್ಪಿದ ಸಂಸ್ಥೆಗೆ ಕಳಿಸಿ ಪರೀಕ್ಷೆ ಮಾಡಿಸಬೇಕು. ಪುಣೆಯ ಎಆರ್‌ಎಐ ಅಂಥದೊಂದು ಸಂಸ್ಥೆ. ಬ್ರೇಕು, ಸ್ಟೀರಿಂಗು, ದೀಪ, ಹೊಗೆ ಎಲ್ಲವನ್ನೂ ಅಲ್ಲಿ ಯಂತ್ರದಿಂದ ಅಳೆಯುತ್ತಾರೆ. ಸಾವಿರಾರು ಗಾಡಿ ಮಾರುವ ಕಂಪನಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಗಾಡಿ ಕಟ್ಟುವವರಿಗೆ ಅದು ಗಾಡಿಗಿಂತ ಭಾರ.

ನೀರೆತ್ತುವ ಪಂಪಿನ ಎಂಜಿನ್ ಕೂರಿಸಿದ 'ಜುಗಾಡ' ಗಾಡಿಗಳಿಗೂ ಇದೇ ಕಾನೂನು. ಅದೂ ಮೋಟಾರು ವಾಹನವೇ, ನೋಂದಣಿ ಮತ್ತು ವಿಮೆಯ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಆದ್ದರಿಂದ ಎಂಜಿನ್ ಇರುವ ಗಾಡಿಯನ್ನು ಮನೆಯಲ್ಲಿ ಕಟ್ಟಿ ರಸ್ತೆಗೆ ತರುವ ಆಸೆ ಬಿಡುವುದೇ ಲೇಸು.

ಟ್ರಾಲಿಗೆ ದಾರಿ ಇದೆ

ಎಂಜಿನ್ ಇಲ್ಲದ ಟ್ರಾಲಿಯನ್ನೂ 1988ರ ಮೋಟಾರು ವಾಹನ ಕಾಯದೆ ವಾಹನವೆಂದೇ ಎಣಿಸುತ್ತದೆ. ಟ್ರ್ಯಾಕ್ಟರಿಗೆ ನಂಬರು ಇದ್ದರೆ ಟ್ರಾಲಿಗೂ ಆಯಿತು ಎಂದು ತಿಳಿಯಬೇಡಿರಿ. ಎರಡಕ್ಕೂ ಬೇರೆ ಬೇರೆ ನೋಂದಣಿ ಬೇಕು. ಟ್ರಾಲಿಗೆ ಪಾಸಿಂಗ್ ಸಿಗಬೇಕಾದರೆ ಈ ಕ್ರಮ ಅನುಸರಿಸಿರಿ.

1. ವರ್ಕ್‌ಶಾಪಿಗೆ ಮುಂಗಡ ಹಣ ಕೊಡುವ ಮೊದಲು, "ನಿಮ್ಮ ಟ್ರಾಲಿಯ ನಕ್ಷೆಗೆ ಮಂಜೂರಿ ಇದೆಯೇ?" ಎಂದು ಕೇಳಿರಿ. ಇದ್ದರೆ ಅದರ ಪ್ರತಿ ನೋಡಿರಿ. ನೋಂದಣಿಯ 47ನೆಯ ನಿಯಮ ಟ್ರಾಲಿಯ ಅರ್ಜಿಯೊಂದಿಗೆ ಈ ಮಂಜೂರಿಯ ಪ್ರತಿಯನ್ನು ಕೇಳುತ್ತದೆ. ಮಂಜೂರಿ ಇಲ್ಲದ ಅಂಗಡಿಯಲ್ಲಿ ಎಷ್ಟು ಅಗ್ಗವಾದರೂ ಕಟ್ಟಿಸಬೇಡಿರಿ.

2. ಮಂಜೂರಾದ ನಕ್ಷೆಯ ಅಳತೆ ಮೀರಬೇಡಿರಿ. "ಒಂದಡಿ ಉದ್ದ ಮಾಡು, ಎರಡು ಟನ್ನು ಹೆಚ್ಚು ಹಿಡಿಯುತ್ತದೆ" ಎಂದು ಫಿಟರನಿಗೆ ಹೇಳುವ ಆ ಒಂದಡಿಯೇ ಪಾಸಿಂಗ್ ನಿಲ್ಲಿಸುತ್ತದೆ.

3. ಚಾಸಿಯ ಮೇಲೆ ನಂಬರು ಹೊಡೆಸಿರಿ. ಬಣ್ಣದಿಂದ ಬರೆದದ್ದು ನಡೆಯದು, ಕಬ್ಬಿಣದಲ್ಲಿ ಒತ್ತಿರಬೇಕು. ಕಾಗದದ ನಂಬರಿಗೂ ಇದಕ್ಕೂ ಒಂದಕ್ಷರವೂ ವ್ಯತ್ಯಾಸ ಇರಬಾರದು.

4. ತಯಾರಕರಿಂದ ನಮೂನೆ 21 (ಮಾರಾಟದ ಪ್ರಮಾಣಪತ್ರ) ಮತ್ತು ನಮೂನೆ 22 (ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ಸಹಿ ಸಮೇತ ಪಡೆಯಿರಿ. ವಿಮೆ ಮಾಡಿಸಿರಿ. ಗಾಡಿ ಕೈಗೆ ಬಂದ 7 ದಿನದೊಳಗೆ ನಮೂನೆ 20ರಲ್ಲಿ ನೋಂದಣಿಗೆ ಅರ್ಜಿ ಕೊಡಿರಿ.

5. ಪರೀಕ್ಷೆಗೆ ಒಯ್ಯುವ ಹಿಂದಿನ ದಿನ ನೀವೇ ಇನ್ಸ್‌ಪೆಕ್ಟರರಾಗಿ ನೋಡಿರಿ. ಬ್ರೇಕು ಹಿಡಿಯುತ್ತದೆಯೇ? ಹಿಂದಿನ ಕೆಂಪು ದೀಪ ಉರಿಯುತ್ತದೆಯೇ? ಕೆಂಪು ರಿಫ್ಲೆಕ್ಟರುಗಳು ಇವೆಯೇ? ಟಾಯರು ಸವೆದಿದೆಯೇ? ಹುಕ್ಕಿನ ಪಿನ್ನಿಗೆ ತಡೆ ಇದೆಯೇ? ಉಮದಿ, ಸಂಖದ ಕಡೆಯಿಂದ ಆರ್‌ಟಿಓ ಕಚೇರಿಯವರೆಗೆ ಹೋಗಿ ಒಂದು ಬಲ್ಬಿನ ಸಲುವಾಗಿ ತಿರುಗಿ ಬರುವುದು ಯಾರಿಗೆ ಬೇಕು?

ಹಳೆಯ ಟ್ರಾಲಿಯನ್ನು ಉದ್ದ ಮಾಡಿಸುವವರಿಗೂ ಒಂದು ಮಾತು. ನೋಂದಣಿ ಪುಸ್ತಕದಲ್ಲಿ ಬರೆದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ಕಾಯದೆಯ 52ನೆಯ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು.

ದಂಡಕ್ಕಿಂತ ದೊಡ್ಡದು

ನೋಂದಣಿ ಇಲ್ಲದೆ ಓಡಿಸಿದರೆ ಮೊದಲ ಸಲ 2,000ದಿಂದ 5,000 ರೂಪಾಯಿಯವರೆಗೆ ದಂಡ. "ಹಂಗಾಮಿನಲ್ಲಿ ಒಮ್ಮೆ ಕಟ್ಟಿದರಾಯಿತು" ಎಂದು ಲೆಕ್ಕ ಹಾಕುವವರಿದ್ದಾರೆ. ಈ ಲೆಕ್ಕ ತಪ್ಪು. ಕಬ್ಬು ತುಂಬಿದ ಟ್ರಾಲಿ ರಾತ್ರಿ ಜತ್ತ-ಮಿರಜ ರಸ್ತೆಯ ಬದಿಗೆ ಟಾಯರು ಒಡೆದು ನಿಂತಿದೆ ಎಂದುಕೊಳ್ಳಿರಿ. ಹಿಂದೆ ಜೋತುಬಿದ್ದ ಕಬ್ಬಿನ ಗರಿ ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿದೆ. ಹಿಂದಿನಿಂದ ಮೋಟಾರ್ ಸೈಕಲ್ಲಿನ ಮೇಲೆ ಬರುವವನು ನಮ್ಮೂರ ಹುಡುಗನೇ. ಅವನಿಗೆ ಟ್ರಾಲಿ ಕಾಣುವುದು ಬಡಿದ ಮೇಲೆಯೇ.

ಆ ಮನೆಯ ದುಃಖಕ್ಕೆ ಬೆಲೆ ಕಟ್ಟಲಾಗದು. ಆದರೆ ನ್ಯಾಯಾಲಯ ಪರಿಹಾರ ಕಟ್ಟುತ್ತದೆ. ಟ್ರಾಲಿಗೆ ನೋಂದಣಿಯೂ ಇಲ್ಲ, ವಿಮೆಯೂ ಇಲ್ಲ ಎಂದಾದರೆ ಆ ಹೊರೆ ಮಾಲಕನ ತಲೆಗೇ ಬರುತ್ತದೆ. ಟ್ರಾಲಿಯಲ್ಲಿ ಉಳಿಸಿದ ಹಣಕ್ಕೆ ಹೊಲ ಮಾರುವ ಪಾಳಿ ಬರಬಾರದು. ಆದ್ದರಿಂದ ವಿಮೆಯ ಕಾಗದದಲ್ಲಿ ಟ್ರ್ಯಾಕ್ಟರಿನ ಜೊತೆಗೆ ಟ್ರಾಲಿಯ ನಂಬರೂ ಇದೆಯೇ ಎಂದು ಇಂದೇ ತೆಗೆದು ನೋಡಿರಿ.

ಪಾಸಾದ ಗಾಡಿಯೂ ದಿನಾಲು ಪಾಸಾಗುತ್ತಿರಬೇಕು. ಕಬ್ಬು ಹೇರಿದ ಮೇಲೆ ಹಿಂದೆ ಹೋಗಿ ನಿಂತು, ಜೋತುಬಿದ್ದ ಗರಿಯನ್ನು ಕೊಯ್ದು, ರಿಫ್ಲೆಕ್ಟರಿನ ಧೂಳು ಒರೆಸಿ, ಬ್ಯಾಟರಿಯ ಬೆಳಕು ಬಿಟ್ಟು ನೋಡಿರಿ. ಕೆಂಪಗೆ ಹೊಳೆದರೆ ಮಾತ್ರ ಚಾಲಕನಿಗೆ "ಹೊರಡಪ್ಪಾ" ಎನ್ನಿರಿ. ಎರಡು ನಿಮಿಷದ ಕೆಲಸ. ಕಬ್ಬು ಕಾರಖಾನೆ ಮುಟ್ಟಬೇಕು, ಹಾಗೆಯೇ ರಸ್ತೆಯಲ್ಲಿ ಬರುವವರೆಲ್ಲ ಅವರವರ ಮನೆ ಮುಟ್ಟಬೇಕು.