ಬೆಳಗಿನ ಜಾವ ಕಾಲು ಏಳದಿದ್ದರೆ ಥೈರಾಯ್ಡ್ ನೆನಪಿರಲಿ

ರಾತ್ರಿ ಮದುವೆಮನೆಯಲ್ಲಿ ಗಡದ್ದಾಗಿ ಉಂಡು, ಇಲ್ಲವೇ ದಿನವಿಡೀ ಮೈಮುರಿದು ದುಡಿದು ಮಲಗಿದ ಯುವಕ ಬೆಳಗಿನ ಜಾವ ಏಳಲು ಹೋಗಿ ಕುಸಿಯುತ್ತಾನೆ. ಮಾತು ಸರಿಯಾಗಿದೆ, ಚಿವುಟಿದರೆ ನೋವೂ ತಿಳಿಯುತ್ತದೆ. ತೊಡೆ, ತೋಳು ಮಾತ್ರ ಎತ್ತಲಾಗದು. ಮನೆಯವರು ಲಕ್ವ ಎಂದುಕೊಳ್ಳುತ್ತಾರೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದಾಗಲೂ ಹೀಗಾಗುತ್ತದೆ. ಅದೂ 20ರಿಂದ 40ರ ಏಷ್ಯಾದ ಗಂಡಸರಲ್ಲೇ ಹೆಚ್ಚು. ಥೈರಾಯ್ಡ್ ಎಂದರೆ ಹೆಂಗಸರ ಕಾಯಿಲೆ ಎಂಬ ನಂಬಿಕೆಯಿಂದಾಗಿ ಇದು ಹಲವರಿಗೆ ಹೊಳೆಯುವುದೇ ಇಲ್ಲ.

ಕಾರವಾರ ಬಳಿಯ ಅರ್ಗಾ, ಚೆಂಡಿಯಾ, ಅಮದಳ್ಳಿ ಕಡೆಯವರು ಮೊದಲು 108ಕ್ಕೆ ಕರೆ ಮಾಡಿ. ಇಸಿಜಿ ಮತ್ತು ರಕ್ತದ ಪೊಟ್ಯಾಸಿಯಂ ಪರೀಕ್ಷೆ ತಕ್ಷಣ ಆಗುವ ಆಸ್ಪತ್ರೆಗೇ ಹೋಗಬೇಕು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರವಿದೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯಬೇಡಿ. ಈ ಸ್ಥಿತಿಯಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಅದರಿಂದ ಹೃದಯದ ಬಡಿತವೇ ತಪ್ಪಬಹುದು.

ವಾಹನ ಬರುವವರೆಗೆ ಸಕ್ಕರೆ ನೀರು, ಸಿಹಿ ಚಹಾ, ಗ್ಲೂಕೋಸ್ ಪುಡಿ ಬೇಡವೇ ಬೇಡ. ಸಿಹಿ ಹೋದೊಡನೆ ಇನ್ಸುಲಿನ್ ಏರುತ್ತದೆ, ಅದು ರಕ್ತದಲ್ಲಿ ಉಳಿದಿರುವ ಪೊಟ್ಯಾಸಿಯಂ ಅನ್ನೂ ಸ್ನಾಯುಗಳೊಳಗೆ ತಳ್ಳುತ್ತದೆ. ಎಳನೀರು ಕೊಡುತ್ತಾ ಕಾಯುವುದೂ ಸಲ್ಲ. ‘ಒಂದು ಗ್ಲೂಕೋಸ್ ಬಾಟಲಿ ಏರಿಸಿಬಿಡಿ’ ಎಂದು ವೈದ್ಯರನ್ನು ಒತ್ತಾಯಿಸುವ ರೂಢಿ ನಮ್ಮಲ್ಲಿದೆ. ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿಯುವ ಮೊದಲು ಅದನ್ನು ಕೇಳಲೇಬೇಡಿ.

ಮುಖ ಗಮನಿಸಿ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೆ ಅದು ಪಾರ್ಶ್ವವಾಯು ಇರಬಹುದು. ರೆಪ್ಪೆ ಜೋಲುತ್ತಿದ್ದರೆ, ನುಂಗಲು ಕಷ್ಟವಾದರೆ, ನೆಲದ ಮೇಲೆ ಮಲಗಿದ್ದನೇ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ: ಕಟ್ಟುಹಾವಿನ ಕಡಿತಕ್ಕೆ ನೋವೂ ಗುರುತೂ ಇಲ್ಲದೆ ಇರಬಹುದು.

ಇತ್ತೀಚೆಗೆ ತೂಕ ಇಳಿದಿತ್ತೇ, ಕೈ ನಡುಗುತ್ತಿತ್ತೇ, ಎದೆ ಹೊಡೆದುಕೊಳ್ಳುತ್ತಿತ್ತೇ, ಹಿಂದೆಯೂ ಕಾಲು ಸೋತಿತ್ತೇ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಅಸ್ತಮಾ ಇದ್ದರೆ ಖಂಡಿತ ಹೇಳಬೇಕು, ಈ ಸ್ಥಿತಿಗೆ ಬಳಸುವ ಪ್ರೊಪ್ರನೊಲಾಲ್ ಔಷಧ ಅಂಥವರಿಗೆ ಆಗದು.

ರಕ್ತದಲ್ಲಿ 3.5ರಿಂದ 5 ಇರಬೇಕಾದ ಪೊಟ್ಯಾಸಿಯಂ ಆಗ ಸಾಮಾನ್ಯವಾಗಿ 3ಕ್ಕಿಂತ ಕೆಳಗಿರುತ್ತದೆ. ಆದರೆ ಅದು ದೇಹದಿಂದ ಹೊರಹೋಗಿರುವುದಿಲ್ಲ, ಸ್ನಾಯುಗಳಲ್ಲೇ ಸೇರಿರುತ್ತದೆ. ಹಾಗಾಗಿ ವೈದ್ಯರು ಅಳೆದು ಅಳೆದು ಕೊಡುತ್ತಾರೆ. ಹೆಚ್ಚು ಕೊಟ್ಟರೆ, ಅದು ಸ್ನಾಯುಗಳಿಂದ ರಕ್ತಕ್ಕೆ ಮರಳಿದಾಗ ಮಿತಿ ಮೀರಿ ಹೃದಯಕ್ಕೇ ಅಪಾಯ.

ಕೆಲವು ಗಂಟೆಗಳಲ್ಲಿ ಕಾಲು ಎದ್ದಿತೆಂದು ಖುಷಿಯಲ್ಲಿ ಮನೆಗೆ ಹೊರಡಬೇಡಿ. ಟಿಎಸ್‌ಎಚ್, ಟಿ4 ಎಂಬ ಥೈರಾಯ್ಡ್ ಪರೀಕ್ಷೆಗಳು ಆಗಲೇಬೇಕು. ಥೈರಾಯ್ಡ್ ಹತೋಟಿಗೆ ಬರುವವರೆಗೆ ಮದ್ಯ, ಹೊಟ್ಟೆಬಿರಿಯುವ ಊಟ ಬಿಡಿ, ಮಾತ್ರೆ ತಪ್ಪಿಸಬೇಡಿ. ಅದು ಹತೋಟಿಯಲ್ಲಿರುವವರೆಗೆ ಈ ಸೋಲು ಮರುಕಳಿಸುವುದಿಲ್ಲ.