ದಿವಾದಿಂದ ಕುಂದಾಪುರಕ್ಕೆ ಎರಡು ಹಗಲು

ದೀಪಾವಳಿ ಕಳೆಯಿತೆಂದರೆ ಠಾಣೆ ಜಿಲ್ಲೆಯ ದಿವಾ ಪೂರ್ವದ ಚಾಳುಗಳಲ್ಲಿ, ಡೊಂಬಿವಲಿ, ಕಲ್ಯಾಣದ ಸೊಸೈಟಿಗಳಲ್ಲಿ ಕುಂದಾಪುರ ಕಡೆಯ ನಮ್ಮವರು ಎದುರಾದಾಗ ಕೇಳುವುದು ಒಂದೇ: "ಟಿಕೆಟ್ ಆಯ್ತಾ?" ಕೋಟೇಶ್ವರದ ಕೊಡಿ ಹಬ್ಬ, ಕೋಲ, ಹರಕೆಯ ಆಟ, ಕಂಬಳ, ಮದುವೆ ಎಲ್ಲವೂ ಚಳಿಗಾಲದ ನಾಲ್ಕು ತಿಂಗಳೊಳಗೇ ಬರುತ್ತವೆ. ಕೊಂಕಣದ ಹಳಿ ನಮ್ಮ ದಿವಾ ಜಂಕ್ಷನ್ನಿನಲ್ಲೇ ಪನ್ವೇಲ್ ಕಡೆಗೆ ತಿರುಗುತ್ತದೆ. ಆದರೂ ಮತ್ಸ್ಯಗಂಧದಲ್ಲಿ ಬರ್ತ್ ಬೇಕಾದರೆ 60 ದಿನ ಮೊದಲು, ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂತು ಹಿಡಿಯಬೇಕು. ಅದು ತಪ್ಪಿದವರು, ಮಂಡಿನೋವಿನ ಅತ್ತೆಯನ್ನು ರೈಲು ಹತ್ತಿಸಲಾಗದವರು, ಮನೆಮಂದಿಯೆಲ್ಲ ಒಟ್ಟಿಗೆ ಹೋಗಬೇಕೆನ್ನುವವರು ನನ್ನ ಗಾಡಿ ಕೇಳುತ್ತಾರೆ. ನಾನು ಕೋಟೇಶ್ವರದ ಕಡೆಯವನು, ದಿವಾದಲ್ಲಿ ಏಳು ಸೀಟಿನ ಟೂರಿಸ್ಟ್ ಗಾಡಿ ಓಡಿಸಿ ಬದುಕುವವನು. ಈಗೀಗ ಸ್ವಂತ ಕಾರು ಕೊಂಡ ಹುಡುಗರೂ ದಾರಿ ಕೇಳಿಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಒಂದು ರಾತ್ರಿಯಲ್ಲ, ಎರಡು ಹಗಲು

ದಿವಾದಿಂದ ಕುಂದಾಪುರ ಎಂಟುನೂರು ಕಿಲೋಮೀಟರ್ ಆಸುಪಾಸು. ರಾತ್ರಿ ಊಟ ಮುಗಿಸಿ ಹೊರಟರೆ ಮರುದಿನ ಊರಲ್ಲಿರಬಹುದು, ಒಂದು ದಿನದ ರಜೆ ಉಳಿಯುತ್ತದೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ಬಾಡಿಗೆ ಕೈತಪ್ಪಿದರೂ ಈ ಲೆಕ್ಕಕ್ಕೆ ನಾನು ಒಪ್ಪುವುದಿಲ್ಲ. ಮುಂಬೈ–ಗೋವಾ ಹೆದ್ದಾರಿಯಲ್ಲಿ ಪಳಸ್ಪೆಯಿಂದ ಇಂದಾಪುರದವರೆಗಿನ 84 ಕಿ.ಮೀ. ಚತುಷ್ಪಥದ ಕೆಲಸ ಶುರುವಾದದ್ದು 2011ರಲ್ಲಿ. ಅಲ್ಲಿಂದೀಚೆಗೆ ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು: ಹೊಸ ಕಾಂಕ್ರೀಟಿನ ಮೇಲೆ ಸಲೀಸಾಗಿ ಹೋಗುತ್ತಿದ್ದಂತೆ ಒಮ್ಮೆಲೇ ಮಣ್ಣಿನ ಗುಡ್ಡೆ, ಪಕ್ಕಕ್ಕೊಂದು ಡೈವರ್ಷನ್, ಎದುರಿನಿಂದ ಬರುವವನೂ ಅದೇ ರಸ್ತೆಯಲ್ಲಿ. ಹಗಲಲ್ಲಿ ಅದು ಬರೀ ಕಿರಿಕಿರಿ. ರಾತ್ರಿ ಎರಡರಿಂದ ಐದರ ನಡುವೆ, ಟ್ರಕ್ಕಿನ ಹೈಬೀಮ್ ಕಣ್ಣಿಗೆ ಹೊಡೆಯುವಾಗ, ಅದೇ ತಿರುವು ಪ್ರಾಣಕ್ಕೆ ಸಂಚಕಾರ. ಆ ಹೊತ್ತಿನ ನಿದ್ದೆ ಹೇಳಿ ಕೇಳಿ ಬರುವುದಿಲ್ಲ. ಚಹಾ, ಹಾಡು, ಕಿಟಕಿಯ ತಣ್ಣನೆ ಗಾಳಿ ಇವೆಲ್ಲ ಒಂದು ಹದಿನೈದು ನಿಮಿಷ ತಡೆದಾವು, ಅಷ್ಟೇ. ರಜೆ ಉಳಿಸಿದೆವೆಂದವರು ಕೂಡ ಊರು ಮುಟ್ಟಿದ ದಿನವನ್ನು ಮಲಗಿಯೇ ಕಳೆಯುತ್ತಾರೆ.

ಹಾಗಾಗಿ ಮೊದಲ ದಿನ ಸಾವಂತವಾಡಿ, ಎರಡನೇ ದಿನ ಗೋವಾ ದಾಟಿ ಊರು. ಮುಂದೆ ಹೇಳುವುದೆಲ್ಲ ಈ ಒಂದರ ಮೇಲೆ ನಿಂತಿದೆ.

2. ಈ ದಾರಿ ಚಳಿಗಾಲದ್ದು

ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಎರಡು ಎಸ್.ಟಿ. ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೂ ಬದಿಯ ಚಹಾ ಹೋಟೆಲನ್ನೂ ಗಂಗಾವಳಿಗೆ ತಳ್ಳಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದುಬಿತ್ತು. ಮೂರೂ ಮಳೆಗಾಲದಲ್ಲಿ ಆದವು, ಎರಡು ರಾತ್ರಿ ಆದವು. ಚೌತಿಗೆ ಊರಿಗೆ ಹೋಗಲೇಬೇಕಾದವರು ರೈಲಿನಲ್ಲಿ ಹೋಗಲಿ. ಕಾರಿನ ದಾರಿಯನ್ನು ನವೆಂಬರ್ ಮುಗಿಯುವವರೆಗೆ ಕಾಯಿಸಿದರೆ ನೆಲ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ, ಎಂಜಿನ್ನೂ ಮಕ್ಕಳೂ ಬಿಸಿಯೇರುವುದಿಲ್ಲ.

3. ದಿವಾ ದಾಟುವುದೇ ಮೊದಲ ಘಾಟಿ

ರೈಲ್ವೆ ಗೇಟು ಬಿದ್ದರೆ ಅದು ಯಾವಾಗ ಏಳುತ್ತದೆಂದು ಹೇಳುವವರಿಲ್ಲ. ಗೇಟಿನ ಆಚೆ ಇರುವವರನ್ನು ಹಿಂದಿನ ರಾತ್ರಿಯೇ ಈಚೆಯ ನೆಂಟರ ಮನೆಗೆ ಬಂದು ಮಲಗಲು ಹೇಳುತ್ತೇನೆ. ಮುಂಜಾನೆ ನಾಲ್ಕಕ್ಕೆ ದಿವಾ–ಶೀಳ್ ರಸ್ತೆ ಹಿಡಿದರೆ ಶೀಳ್ ಫಾಟಾದಲ್ಲಿ ಟ್ರೇಲರುಗಳ ಸಾಲು ಸ್ವಲ್ಪ ಸಡಿಲವಾಗಿರುತ್ತದೆ. ದಹಿಸರ್ ಮೋರಿ, ತಳೋಜಾ, ಕಳಂಬೋಲಿ, ಪಳಸ್ಪೆ, ಇಷ್ಟನ್ನು ಬೆಳಗಾಗುವ ಮೊದಲೇ ಹಿಂದೆ ಹಾಕಬೇಕು. ನಾಲ್ಕಕ್ಕೆ ಹೊರಟರೂ ಕತ್ತಲೇ ಅಲ್ಲವೇ ಎಂದು ಕೇಳುತ್ತಾರೆ. ಹೌದು, ಆದರೆ ಒಂಬತ್ತಕ್ಕೆ ಮಲಗಿ ಎದ್ದವನು ಓಡಿಸುವುದಕ್ಕೂ ರಾತ್ರಿಯಿಡೀ ಕೂತವನು ಓಡಿಸುವುದಕ್ಕೂ ವ್ಯತ್ಯಾಸವಿದೆ. ಹೊರಡುವ ಹಿಂದಿನ ದಿನ ನಾನು ಬೇರೆ ಬಾಡಿಗೆ ಹಿಡಿಯುವುದಿಲ್ಲ. ಸ್ವಂತ ಕಾರಿನವರು ಕಚೇರಿಯಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು ಅದೇ ರಾತ್ರಿ ಸ್ಟೇರಿಂಗ್ ಹಿಡಿಯಬಾರದು.

4. ಹೆಂಗಸರು ನೀರು ಕುಡಿಯಲಿ

ಈ ಪಾಠ ನನಗೆ ಎಲ್ಲಕ್ಕಿಂತ ಮುಖ್ಯ. ಹೊರಟ ಎರಡು ಗಂಟೆಗೆ ಕನ್ನಡಿಯಲ್ಲಿ ನೋಡಿದರೆ ಗಂಡಸರು ಬಾಟಲಿ ಎತ್ತಿ ಕುಡಿಯುತ್ತಿರುತ್ತಾರೆ, ಹಿಂದಿನ ಸೀಟಿನ ಅಮ್ಮ, ಅತ್ತಿಗೆ, ಮಗಳು ಬರೀ ತುಟಿ ಒದ್ದೆ ಮಾಡಿಕೊಳ್ಳುತ್ತಾರೆ. ಗಾಡಿ ನಿಲ್ಲಿಸಿ ಎಂದು ಹೇಳಲು ಸಂಕೋಚ, ನಿಲ್ಲಿಸಿದರೆ ಎಲ್ಲಿ ಎಂಬ ಚಿಂತೆ. ಮಧ್ಯಾಹ್ನಕ್ಕೆ ತಲೆನೋವು, ಊರಲ್ಲಿ ಎರಡನೇ ದಿನ ಮೂತ್ರದ ಉರಿ, ಜ್ವರ. ಹಬ್ಬಕ್ಕೆ ಹೋದವರು ಡಾಕ್ಟರ ಮನೆ ಬಾಗಿಲಲ್ಲಿ ಕೂರುವುದು ಹೀಗೆ.

ಆದ್ದರಿಂದ ಯಾರೂ ಕೇಳದೆ ನಾನೇ ನಿಲ್ಲಿಸುತ್ತೇನೆ, ಎರಡು ಗಂಟೆಗೊಮ್ಮೆ. ಹೊರಡುವಾಗಲೇ ಜೋರಾಗಿ ಹೇಳಿಬಿಡುತ್ತೇನೆ: "ಅಮ್ಮ, ಇಂತಿಂಥ ಕಡೆ ನಿಲ್ತದೆ, ನೀರು ಧಾರಾಳ ಕುಡಿಯಿರಿ." ಗಂಡಸರ ಎದುರಿಗೇ ಹೇಳಬೇಕು, ಆಗಲೇ ಸಂಕೋಚ ಮುರಿಯುವುದು. ಪೆಟ್ರೋಲ್ ಪಂಪಿನವರು ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಈ ಮೂರನ್ನೂ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಬೀಗ ಹಾಕಿದ್ದರೆ ಕೀಲಿ ಕೇಳುವುದು ನಮ್ಮ ಹಕ್ಕು. ನಾನು ಮೊದಲು ಇಳಿದು ಒಳಗೆ ನೀರು ಬರುತ್ತದೋ, ಚಿಲಕ ಬೀಳುತ್ತದೋ ನೋಡುತ್ತೇನೆ. ಸರಿಯಿಲ್ಲದಿದ್ದರೆ ಮುಂದಿನ ಪಂಪು. ಹೀಗೆ ನೋಡಿ ನೋಡಿಯೇ ನನ್ನ ನಿಲ್ದಾಣಗಳ ಪಟ್ಟಿ ತಯಾರಾದದ್ದು. ಊಟದ ರುಚಿ ಆಮೇಲಿನ ಮಾತು.

5. ಡಿಕ್ಕಿಯ ತೂಕ, ಟೈರಿನ ಗಾಳಿ

ಏಳು ಜನ, ಏಳು ಬ್ಯಾಗು, ಮೇಲೆ ಊರಿನವರಿಗೆಂದು ಮಿಠಾಯಿ ಡಬ್ಬ, ಸೀರೆಗಳ ಗಂಟು. ಇಷ್ಟು ತುಂಬಿದ ಗಾಡಿಗೆ ದಿನನಿತ್ಯದ ಗಾಳಿ ಸಾಲದು. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಪೂರ್ಣ ಭಾರಕ್ಕೆ ಬೇರೆ ಅಂಕಿ ಇರುತ್ತದೆ, ಅದನ್ನು ನೋಡಿ, ಟೈರು ತಣ್ಣಗಿರುವಾಗಲೇ ತುಂಬಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ನಮ್ಮ ಠಾಣೆ ಜಿಲ್ಲೆಯ ಟೂರಿಸ್ಟ್ ಗಾಡಿಗಳು ಬಹಳಷ್ಟು ಸಿ.ಎನ್.ಜಿ.ಯವು. ಪನ್ವೇಲಿನ ಹತ್ತಿರ ಸಿಲಿಂಡರ್ ಪೂರ್ತಿ ತುಂಬಿಸಿ, ಪೆಟ್ರೋಲ್ ಟ್ಯಾಂಕೂ ಅರ್ಧಕ್ಕಿಂತ ಮೇಲಿರಲಿ. ಕೊಂಕಣದಲ್ಲಿ ಗ್ಯಾಸಿನ ಸಾಲಿನಲ್ಲಿ ನಿಂತು ಹಗಲು ಕಳೆದರೆ ಸಾವಂತವಾಡಿ ಕತ್ತಲಾದ ಮೇಲೆಯೇ.

6. ಘಾಟಿಗಳಲ್ಲಿ ಹೊಟ್ಟೆ ಹಗುರ ಇರಲಿ

ಮೊದಲ ತಿಂಡಿ ಮಾಣಗಾಂವ್ ಪೇಟೆ ದಾಟಿದ ಮೇಲೆ. ಶನಿವಾರ, ಭಾನುವಾರ ಅಲ್ಲಿ ಹೊತ್ತೇರಿದರೆ ಗಾಡಿಗಳು ಇರುವೆ ಸಾಲಿನಂತೆ ಹರಿಯುತ್ತವೆ, ಬೆಳಿಗ್ಗೆ ಬೇಗ ನುಸುಳಿಬಿಡಬೇಕು. ಮಹಾಡಿನ ಆಸುಪಾಸಿನಲ್ಲಿ ಕಾಂದಾ ಪೋಹೆ, ಚಹಾ ಸಾಕು. ಮಿಸಳ್ ಚೆನ್ನಾಗಿರುತ್ತದೆ ನಿಜ, ಆದರೆ ಮುಂದೆ ಕಶೇಡಿ, ಭೋಸ್ತೆ, ಪರಶುರಾಮ ಘಾಟಿಗಳಿವೆ. ಪೋಲಾದಪುರ ಮತ್ತು ಖೇಡ್ ನಡುವೆ ಈಗ ಸುಮಾರು ಎರಡು ಕಿ.ಮೀ. ಸುರಂಗವಾಗಿ ಕಶೇಡಿಯ ಹಳೇ ತಿರುವುಗಳು ತಪ್ಪಿವೆ. ವಾಂತಿ ಮಾಡುವ ಮಕ್ಕಳಿರುವ ಮನೆಯವರಿಗೆ ಇದೊಂದು ದೊಡ್ಡ ಉಪಕಾರ. ಆದರೂ ವಾಂತಿಯ ಸ್ವಭಾವದವರನ್ನು ಕೊನೆಯ ಸಾಲಿನಲ್ಲಿ ಕೂರಿಸಬೇಡಿ, ಮೊಬೈಲ್ ಕೊಡಬೇಡಿ, ಲಿಂಬೆಹಣ್ಣು ಕೈಯಲ್ಲಿರಲಿ. ಡಿಸೆಂಬರ್, ಜನವರಿಯ ಬೆಳಿಗ್ಗೆ ವಾಶಿಷ್ಠಿ ಕಣಿವೆಯಲ್ಲಿ ಮಂಜು ಕವಿದಿದ್ದರೆ ಹೆಡ್‌ಲೈಟನ್ನು ಕೆಳಕ್ಕೆ ಇಳಿಸಿ. ಹೈಬೀಮಿನ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ.

7. ಒಂದು ದಿನಕ್ಕೆ ನೋಡುವ ಜಾಗ ಒಂದೇ

ಚಿಪಳೂಣ ದಾಟಿ ಸಂಗಮೇಶ್ವರದ ಕಡೆ ಬರುವಾಗ ಅರವಲಿ, ತುರಳ್‌ಗಳಲ್ಲಿ ಹೆದ್ದಾರಿಯ ಹತ್ತಿರವೇ ಬಿಸಿನೀರಿನ ಬುಗ್ಗೆಗಳಿವೆ. ಅಜ್ಜ, ಅಜ್ಜಿ ಇದ್ದರೆ ನಾನು ಅಲ್ಲೇ ನಿಲ್ಲಿಸುವುದು. ಗಂಧಕದ ವಾಸನೆಯ ಆ ನೀರಿನಲ್ಲಿ ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂತವರು ಸಂಜೆಯವರೆಗೆ ಮಂಡಿಯ ಮಾತೆತ್ತುವುದಿಲ್ಲ. ಓದುವ ಮಕ್ಕಳಿದ್ದರೆ ಅದರ ಬದಲು ಕಸಬಾ ಸಂಗಮೇಶ್ವರ. 1689ರಲ್ಲಿ ಸಂಭಾಜಿ ಮಹಾರಾಜರು ಮೊಘಲರ ಕೈಗೆ ಸಿಕ್ಕಿದ್ದು ಅಲ್ಲಿ. ದಿವಾದ ಶಾಲೆಗಳ ಮಕ್ಕಳಿಗೆ ಆ ಕಥೆ ಬಾಯಿಪಾಠ. ಅದೇ ಊರಿನ ಕರ್ಣೇಶ್ವರ ಗುಡಿಯ ಕಲ್ಲಿನ ಕೆತ್ತನೆ ನೋಡಿದವರಿಗೆ ನಮ್ಮ ಕಡೆಯ ಹಳೇ ದೇವಸ್ಥಾನಗಳ ನೆನಪಾಗದೆ ಇರದು. ಬುಗ್ಗೆ, ಕಸಬಾ ಎರಡನ್ನೂ ನೋಡೋಣ ಎಂದರೆ ನಾನು ಬೇಡ ಎನ್ನುತ್ತೇನೆ. ಡಿಸೆಂಬರಿನಲ್ಲಿ ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ಲಾಂಜಾ, ರಾಜಾಪುರ, ಕಣಕವಲಿ ಇನ್ನೂ ಮುಂದಿವೆ.

8. ಗೋವಾದಲ್ಲಿ ತಂಗಬೇಡಿ, ಗೋವಾಕ್ಕೆ ಮೊದಲು ತಂಗಿ

ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಗೋವಾದ ಕೋಣೆಗಳ ಬಾಡಿಗೆ ನಮ್ಮಂಥವರಿಗಲ್ಲ. ಸಾವಂತವಾಡಿಯಲ್ಲಿ ಮಿತ ದರಕ್ಕೆ ಕೋಣೆ ಸಿಗುತ್ತದೆ, ಪೇಟೆ ನಡುವೆ ಮೋತಿ ತಲಾವ್ ಕೆರೆಯಿದೆ, ಚಿತಾರ್ ಆಳಿಯಲ್ಲಿ ಮರದ ಆಟಿಕೆಗಳ ಅಂಗಡಿಗಳಿವೆ. ಇಡೀ ದಿನ ಸೀಟಿನಲ್ಲಿ ಕಟ್ಟಿಹಾಕಿದ ಮಕ್ಕಳನ್ನು ಅಲ್ಲಿ ಬಿಟ್ಟುಬಿಡಿ. ಮಾಲ್ವಣಿ ಊಟ, ಒಂದು ಲೋಟ ಸೋಲ್‌ಕಢಿ, ಒಂಬತ್ತಕ್ಕೆ ಮಲಗುವುದು. ಚಾಲಕ ಬಾಡಿಗೆಯವನಾದರೆ ಅವನಿಗೂ ಮಂಚ ಕೊಡಿ. ಗಾಡಿಯೊಳಗೆ ಮುದುಡಿ ಮಲಗಿದವನ ಕೈಯಲ್ಲಿ ಮರುದಿನ ನಿಮ್ಮ ಮಕ್ಕಳಿರುತ್ತಾರೆ. ನನ್ನ ಕಸುಬಿನವರ ಪರವಾಗಿ ಇದನ್ನು ಕೇಳಿಕೊಳ್ಳುತ್ತಿದ್ದೇನೆ. ಒಂದು ಕೋಣೆಯ ಬಾಡಿಗೆ ಉಳಿಸಲು ಹೋಗಿ ಚಾಲಕನ ನಿದ್ದೆ ಕಸಿಯುವ ಮನೆಗಳು ಇನ್ನೂ ಬಹಳ ಇವೆ.

9. ಗೋವಾ ಬೆಳಿಗ್ಗೆಯ ಹೊತ್ತು ದಾಟುವ ರಾಜ್ಯ

ಆರೂವರೆಗೆ ಹೊರಟರೆ ಮಾಪುಸಾ, ಪರ್ವರಿ ಕಡೆಯ ದಟ್ಟಣೆ ಹೆಚ್ಚುವ ಮುನ್ನ ಪಣಜಿ ದಾಟಬಹುದು. 2022ರ ಕೊನೆಯಲ್ಲಿ ತೆರೆದ ಜುವಾರಿಯ ಹೊಸ ಕೇಬಲ್ ಸೇತುವೆಯಿಂದ ಹಳೇ ಸೇತುವೆಯ ಸರದಿ ಮುಗಿದಿದೆ. ಪೆಟ್ರೋಲ್ ಎರಡೂ ಬದಿಯ ರಾಜ್ಯಗಳಿಗಿಂತ ಅಗ್ಗ, ಟ್ಯಾಂಕನ್ನು ಅಲ್ಲಿ ತುಂಬಿಸಿ. ಕಾಣಕೋಣಕ್ಕೆ ಮೊದಲು ಬರುವ ಕರ್ಮಲ್ ಘಾಟಿಯಲ್ಲಿ ಕಾಡಿನ ನಡುವೆ ಕಡಿದಾದ ತಿರುವುಗಳಿವೆ, ಅಲ್ಲಿ ಯಾರನ್ನೂ ಹಿಂದೆ ಹಾಕಬೇಡಿ. ಮದ್ಯದ ಬಾಟಲಿ ತರುವ ವಿಚಾರ ಬೇಡ. ಮಾಜಾಳಿಯ ತಪಾಸಣೆಯಲ್ಲಿ ಡಿಕ್ಕಿ ತೆರೆಸುತ್ತಾರೆ, ಮನೆಮಂದಿಯೆಲ್ಲ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ.

10. ಮಾಜಾಳಿಯಿಂದ ಬೋರ್ಡು ಓದಿಸಿ

ದಿವಾದಲ್ಲಿ ಹುಟ್ಟಿದ ನಮ್ಮ ಮಕ್ಕಳು ಮನೆಯಲ್ಲಿ ಕುಂದಾಪ್ರ ಕನ್ನಡ ಆಡುತ್ತಾರೆ, ಬೀದಿಯಲ್ಲಿ ಹಿಂದಿ, ಮರಾಠಿ. ಕನ್ನಡ ಓದಲು ಬರುವವರು ಕಡಿಮೆ. ಗಡಿ ದಾಟಿದೊಡನೆ ನಾನು ಹಾಡು ನಿಲ್ಲಿಸುತ್ತೇನೆ. ಮೊದಲು ಕಂಡ ಕನ್ನಡ ಬೋರ್ಡಿನಿಂದ ಆಟ ಶುರು: ಯಾರು ಮೊದಲು ಓದುತ್ತಾರೆ? ಕಾರವಾರ ಸುಲಭ, ಒತ್ತಕ್ಷರವಿಲ್ಲ. ಅವರ್ಸಾದಲ್ಲಿ ಅರ್ಕಾವೊತ್ತು ಬರುತ್ತದೆ, ಅಂಕೋಲಾದಲ್ಲಿ ಸೊನ್ನೆ, ಹೊನ್ನಾವರದಲ್ಲಿ ನಕಾರದ ಒತ್ತು, ಭಟ್ಕಳದಲ್ಲಿ ಮಹಾಪ್ರಾಣದ ಜೊತೆ ಒತ್ತು. ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಬೇಕು, ತಂದೆ ಹೇಳಿಕೊಡುವಂತಿಲ್ಲ. "ಇನ್ನೆಷ್ಟ್ ದೂರ ಇತ್ತ್?" ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ ಮಕ್ಕಳೇ ಬೈಂದೂರಿನ ಹೊತ್ತಿಗೆ ಕಿಲೋಮೀಟರ್ ಕಲ್ಲು ಓದಿ ನಮಗೆ ಹೇಳುತ್ತಾರೆ. ಡೊಂಬಿವಲಿಯ ಕರ್ನಾಟಕ ಸಂಘದಂಥವು ನಮ್ಮಲ್ಲಿ ಕನ್ನಡದ ಕೆಲಸ ಮಾಡುತ್ತಿವೆ, ಆದರೆ ಮಗುವಿಗೆ ಅಕ್ಷರದ ಅಗತ್ಯ ಹತ್ತುವುದು ಈ ರಸ್ತೆಯಲ್ಲಿ. ಹಗಲಲ್ಲಿ ಬಂದರೆ ಮಾತ್ರ ಇದು ಸಾಧ್ಯ, ರಾತ್ರಿಯಿಡೀ ಗಾಡಿಯಲ್ಲಿ ಕೂತು ಬಂದ ಮಕ್ಕಳು ಇಷ್ಟೂ ಊರುಗಳನ್ನು ನಿದ್ದೆಯಲ್ಲೇ ಕಳೆದುಕೊಳ್ಳುತ್ತಾರೆ.

11. ಎಲ್ಲಿ ನಿಲ್ಲಬೇಕು, ಎಲ್ಲಿ ಬಾರದು

ಅಂಕೋಲಾದ ಶಿರೂರಿನಲ್ಲಿ ನಿಲ್ಲಬೇಡಿ. ಫೋಟೊ ತೆಗೆಯಲು ಇಳಿಯುವವರನ್ನು ಕಂಡರೆ ಸಂಕಟವಾಗುತ್ತದೆ, ಜನ ಸತ್ತ ಜಾಗ ಅದು. ನಿಧಾನಕ್ಕೆ ಸಾಗಿ. (ಬೈಂದೂರಿಗೆ ಮೊದಲು, ಟೋಲ್ ಇರುವ ಶಿರೂರು ಬೇರೆ.) ಕುಮಟಾಕ್ಕೆ ಮೊದಲು ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ. ಎರಡನೇ ದಿನದ ಒಂದು ನಿಲುಗಡೆ ಅದೇ ಇರಲಿ. ಮುರ್ಡೇಶ್ವರ, ಇಡಗುಂಜಿಗಳಿಗೆ ಊರಿಂದಲೇ ಇನ್ನೊಂದು ದಿನ ಬರಬಹುದು.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಲ್ಲರಿಗೂ ಇಳಿಯಬೇಕು. ಇಳಿಯಿರಿ, ಆದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಎಡಬಾಗಿಲಿನಿಂದ ಇಳಿಸಿ, ಮಕ್ಕಳ ಕೈ ಬಿಡಬೇಡಿ. ಅಲ್ಲಿ ಬಸ್ಸುಗಳು ಬರುವ ವೇಗ ನನಗೆ ಗೊತ್ತು. ಊರು ಹದಿನೈದು, ಇಪ್ಪತ್ತು ಕಿಲೋಮೀಟರ್ ಉಳಿದಾಗಲೇ ಚಾಲಕನೂ ಮನೆಯವರೂ ಮೈಮರೆಯುವುದು.

12. ವಾಪಸು ಹೊರಡುವಾಗ

ಬರುವಾಗಿನ ಡಿಕ್ಕಿಗಿಂತ ಹೋಗುವಾಗಿನದ್ದು ಭಾರ. ಕುಚ್ಚಲಕ್ಕಿಯ ಮೂಟೆ, ತೆಂಗಿನಕಾಯಿ, ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ. ಯಾವುದನ್ನೂ ಬೇಡ ಎನ್ನಲಾರೆ, ಕೊಡುವವರು ಅಮ್ಮಂದಿರು. ಮೂಟೆ ಕೆಳಗೆ, ಹಿಂದಿನ ಚಕ್ರಗಳಿಗಿಂತ ಮುಂದೆ ಬರುವಂತೆ ಇಡಿ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ನೆಟ್ಟಗೆ ನಿಲ್ಲಿಸಿ. ಒಡೆದ ತೆಂಗಿನಕಾಯಿ ಬೇಡ, ಎರಡು ದಿನಕ್ಕೆ ಹುಳಿಯುತ್ತದೆ. ಕರಿಯರ್ ಮೇಲೆ ಅಕ್ಕಿ ಮೂಟೆ ಕಟ್ಟಿದರೆ ಘಾಟಿಯ ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಅದಕ್ಕೆ ನಾನು ಒಪ್ಪುವುದೇ ಇಲ್ಲ. ಭಾನುವಾರ ಸಂಜೆ ಪನ್ವೇಲ್ ಸೇರುವಂತೆ ಹೊರಡಬೇಡಿ. ಅಲಿಬಾಗ್‌ನಿಂದ ಮರಳುವ ಗಾಡಿಗಳೆಲ್ಲ ವಡಖಳ್‌ನಲ್ಲಿ ಬಂದು ಸೇರುತ್ತವೆ. ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ ಮೂರರೊಳಗೆ ಪಳಸ್ಪೆ ಮುಟ್ಟಿದರೆ ಬೆಳಕಿರುವಾಗಲೇ ದಿವಾದಲ್ಲಿ ಮೂಟೆ ಇಳಿಸಬಹುದು.