ಅಟ್ಟವನ್ನು ಕೋಣೆ ಮಾಡುವ ಮುನ್ನ

ಹಂಚಿನ ಮನೆಯ ಅಟ್ಟ ಖಾಲಿ ಬಿದ್ದಿದೆ, ಮಕ್ಕಳಿಗೊಂದು ಕೋಣೆಯಾದೀತು ಅಂತ ಹೊರಟಿದ್ದೀರಾ? ಒಳ್ಳೆಯದೇ. ಆದರೆ ಬಣ್ಣ, ಮಂಚ ಆರಿಸುವ ಮೊದಲು ತೊಲೆ ನೋಡಿ. ಅಡಿಕೆ ಮೂಟೆ ಹೊತ್ತ ಅಟ್ಟ ಸಂಸಾರವನ್ನೂ ಹೊತ್ತೀತು ಎಂಬ ಧೈರ್ಯ ಬೇಡ. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ತಾಳಬೇಕೆನ್ನುತ್ತದೆ ಭಾರತೀಯ ಮಾನಕ.

ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ತೇವ, ಗೆದ್ದಲು ಅಡಗಿರುತ್ತವೆ, ಚುಚ್ಚಿ ನೋಡಿಸಿ. ತಲೆಗೆ ತಗಲುತ್ತದೆಂದು ಅಡ್ಡತೊಲೆ ಕತ್ತರಿಸಬೇಡಿ. ಮಾಡಿನ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ಹಿಡಿದಿರುವುದು ಅದೇ. ಹಂಚಿನ ಕಾವು ಹೊರಹೋಗಲು ಎದುರುಬದುರು ಕಿಟಕಿ ಇರಲಿ. ಏಣಿ ಸಾಲದು, ಮೆಟ್ಟಿಲಿಗೆ ಕೆಳಗಿನ ಜಾಗ ಮೊದಲೇ ಅಳೆದಿಡಿ.

ಒಂದು ಮಳೆಗಾಲ ಸೋರಿಕೆ ಗಮನಿಸಿ, ಎಂಜಿನಿಯರಿಗೆ ತೋರಿಸಿ. ಬಡಗಿಯನ್ನು ಆಮೇಲೆ ಕರೆಯಿರಿ.